ಮಳೆಗಾಲದ ಕಪ್ಪೆ ಪಾಠ: ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಆಟದ ಮೂಲಕ ಕಪ್ಪೆಯ ಪರಿಚಯ

ಕಪ್ಪೆಯ ಪಾಠವನ್ನು ಜನವರಿಯಲ್ಲಿ ಇಟ್ಟುಕೊಂಡರೆ ಗೋಡೆಯ ಚಾರ್ಟ್ ತೋರಿಸುವುದು ಬಿಟ್ಟು ಬೇರೆ ದಾರಿಯಿರುವುದಿಲ್ಲ. ಅದೇ ಪಾಠ ಜೂನ್‌ನಲ್ಲಾದರೆ ಅರ್ಧ ಕೆಲಸವನ್ನು ಕಪ್ಪೆಗಳೇ ಮಾಡಿಕೊಡುತ್ತವೆ. ಬಯಲುಸೀಮೆಯಲ್ಲಿ ಮೇ ತಿಂಗಳ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿಯಿಂದಲೇ ಕೂಗು ಶುರುವಾಗುತ್ತದೆ. ಕರಾವಳಿ, ಮಲೆನಾಡಿನಲ್ಲಿ ಮುಂಗಾರು ಹಿಡಿದ ಮೇಲೆ ಜೋರು. ಶಾಲೆಯ ಪಠ್ಯದಲ್ಲಿ ಈ ಪಾಠ ಎಲ್ಲೇ ಇರಲಿ, ಸಾಧ್ಯವಾದರೆ ಮಳೆಗಾಲಕ್ಕೆ ತಂದುಕೊಳ್ಳಿ.

ಕೆಳಗಿನ ಚಟುವಟಿಕೆಗಳನ್ನು ದಿನಕ್ಕೊಂದರಂತೆ ಮಾಡಿ. ಒಂದೊಂದಕ್ಕೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಮೊದಲು ಕಿವಿ, ಆಮೇಲೆ ಕೈ, ಕೊನೆಗೆ ಕಣ್ಣು ಎಂಬುದು ಇಲ್ಲಿಯ ಕ್ರಮ. ರಾತ್ರಿ ಕಪ್ಪೆ ಕಾಣುವುದಕ್ಕೆ ಮುಂಚೆ ಕೇಳುತ್ತದೆ. ಕೂಗು ಗುರುತಿಸಲು ಕಲಿತ ಮಗು ಹೊರಗೆ ಹೋದಾಗ ಏನನ್ನು ಹುಡುಕಬೇಕೆಂದು ತಿಳಿದೇ ಹೋಗುತ್ತದೆ.

ಕೂಗಿನ ಆಟ

ಬೇಕಾದವು: ಹಲ್ಲು ಸ್ವಲ್ಪ ದಪ್ಪವಿರುವ ಪ್ಲಾಸ್ಟಿಕ್ ಬಾಚಣಿಗೆ, ತೆಂಗಿನ ಕರಟದ ಎರಡು ಹೋಳು, ಕಣ್ಣಿಗೆ ಕಟ್ಟಲು ಬಟ್ಟೆ.

ಮೂರು ಕೂಗು ಕಲಿಸಿ. ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳ ಉಗುರನ್ನು ಬೇಗ ಎಳೆದರೆ ‘ಕರ್‍ರ್ರ್’ ಎಂದು ಬರುವ ಸದ್ದು ನೀರಿನ ಅಂಚಿನ ಹುಲ್ಲಿನಲ್ಲಿ ಕೂತು ಕೂಗುವ ಪುಟಾಣಿ ಕಪ್ಪೆಯದಕ್ಕೆ ಹತ್ತಿರ. ಅದರ ಮೈ ಎರಡೂವರೆ ಸೆಂಟಿಮೀಟರ್ ಆಸುಪಾಸು, ಗಂಟಲು ಮಾತ್ರ ಕೇರಿಗೆಲ್ಲ ಕೇಳುವಷ್ಟು. ಕರಟಗಳನ್ನು ‘ಟಕ್, ಟಕ್‌ಟಕ್’ ಎಂದು ಬಿಟ್ಟು ಬಿಟ್ಟು ಬಡಿದರೆ ಮರಗಪ್ಪೆ. ಬಚ್ಚಲ ಗೋಡೆಗೆ ಅಂಟಿಕೊಂಡು ಕೂರುವ ಕಂದು ಕಪ್ಪೆ ಇದೇ. ಮೂರನೆಯದು ಗದ್ದೆಯ ದೊಡ್ಡ ಗೋಂಕುರು ಕಪ್ಪೆ. ಇದಕ್ಕೆ ಸಾಮಾನು ಬೇಡ. ಗಂಟಲಾಳದಿಂದ ‘ಗೊಟ್ರ್, ಗೊಟ್ರ್’ ಎಂದರೆ ಮುಗಿಯಿತು, ಮಕ್ಕಳಿಗೆ ಹೇಳಿಕೊಡಬೇಕಾದ್ದೇ ಇಲ್ಲ.

ಈಗ ಆಟ. ಹನ್ನೆರಡು ಮಕ್ಕಳಿದ್ದರೆ ಮೂವರು ಕೋಣೆಯ ಮೂರು ಮೂಲೆಯಲ್ಲಿ ಒಂದೊಂದು ಕೂಗು ಹಿಡಿದು ನಿಲ್ಲಲಿ. ಉಳಿದವರಿಗೆ ‘ನೀನು ಮರಗಪ್ಪೆ’, ‘ನೀನು ಗೋಂಕುರು’ ಎಂದು ಕಿವಿಯಲ್ಲಿ ಹೇಳಿ. ಒಬ್ಬೊಬ್ಬರಿಗೇ ಕಣ್ಣು ಕಟ್ಟಿ ಬಿಡಿ. ಮೂರೂ ಕೂಗು ಒಟ್ಟಿಗೆ ಕೇಳುತ್ತಿರುವಾಗ ತನ್ನ ಜಾತಿಯ ಕೂಗಿನ ಕಡೆಗೇ ನಡೆಯಬೇಕು. ಹೊಂಡದ ಬಳಿ ನಡೆಯುವುದೂ ಇದೇ. ಜೋರಾಗಿ ಕೂಗುವವು ಹೆಚ್ಚಾಗಿ ಗಂಡುಗಳು, ಹೆಣ್ಣು ಆ ಗದ್ದಲದಲ್ಲೂ ತನ್ನ ಜಾತಿಯ ಕೂಗನ್ನು ಹುಡುಕಿಕೊಂಡು ಬರುತ್ತದೆ.

ಈ ಆಟ ಕೆಡುವುದು ಎಲ್ಲರ ಕಣ್ಣನ್ನೂ ಒಟ್ಟಿಗೆ ಕಟ್ಟಿದಾಗ. ತಲೆಗೆ ತಲೆ ಡಿಕ್ಕಿ ಹೊಡೆದು ಪಾಠ ಅಳುವಿನಲ್ಲಿ ಮುಗಿಯುತ್ತದೆ. ಒಂದು ಸಲಕ್ಕೆ ಇಬ್ಬರಿಗಿಂತ ಹೆಚ್ಚು ಮಂದಿ ಬೇಡ.

ಕಪ್ಪೆಯ ಗಂಟಲು ಏಕೆ ಊದುತ್ತದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಾಯಿ, ಮೂಗು ಎರಡನ್ನೂ ಮುಚ್ಚಿಕೊಂಡು ‘ಹ್ಮ್’ ಎನ್ನಲು ಹೇಳಿ. ಕೆನ್ನೆ ಉಬ್ಬುತ್ತದೆ, ಒಂದೆರಡು ಸೆಕೆಂಡಿನಲ್ಲಿ ಸದ್ದು ನಿಲ್ಲುತ್ತದೆ, ಏಕೆಂದರೆ ಗಾಳಿಗೆ ಹೋಗಲು ಜಾಗವಿಲ್ಲ. ಕಪ್ಪೆಯೂ ಬಾಯಿ ಮುಚ್ಚಿಕೊಂಡೇ ಕೂಗುತ್ತದೆ. ಗಾಳಿ ಹೊರಗೆ ಹೋಗದೆ ಶ್ವಾಸಕೋಶಕ್ಕೂ ಗಂಟಲ ಚೀಲಕ್ಕೂ ನಡುವೆ ಓಡಾಡುತ್ತದೆ.

ಕಾಮಕಸ್ತೂರಿ ಬೀಜದ ಮೊಟ್ಟೆ

ಕಪ್ಪೆ ಮೊಟ್ಟೆಯ ಮಾದರಿಗೆ ಕಾಮಕಸ್ತೂರಿ ಬೀಜಕ್ಕಿಂತ ಒಳ್ಳೆಯ ಸಾಮಾನಿಲ್ಲ. ಒಂದು ಲೋಟ ನೀರಿಗೆ ಒಂದು ಟೀ ಚಮಚ ಬೀಜ ಹಾಕಿ ಹದಿನೈದು ನಿಮಿಷ ಬಿಡಿ. ನಡುವೆ ಕಪ್ಪು ಚುಕ್ಕೆ, ಸುತ್ತ ಪಾರದರ್ಶಕ ಲೋಳೆ. ಹೊಂಡದಲ್ಲಿ ಕಾಣುವುದೂ ಹೀಗೆಯೇ. ಮಕ್ಕಳು ಬೆರಳಿಂದ ಒತ್ತಿ ನೋಡಲಿ. ಚುಕ್ಕೆ ಜಾರಿಕೊಳ್ಳುತ್ತದೆ, ಕೈಗೆ ಸಿಗುವುದಿಲ್ಲ. ಲೋಳೆ ಏಕೆ ಬೇಕು ಎಂಬುದು ಆ ಒತ್ತುವಿಕೆಯಲ್ಲೇ ಗೊತ್ತಾಗುತ್ತದೆ. ಬೀಜ ಮುದ್ದೆಗಟ್ಟಿದರೆ ನೀರು ಕಡಿಮೆಯಾಗಿದೆ ಎಂದರ್ಥ, ಇನ್ನರ್ಧ ಲೋಟ ಸೇರಿಸಿ ಕದಡಿ. ಮೂರು ವರ್ಷದೊಳಗಿನ ತಮ್ಮ ತಂಗಿಯರು ಸುತ್ತ ಇದ್ದರೆ ಒಣ ಬೀಜದ ಡಬ್ಬಿ ಎತ್ತಿಡಿ, ಮೂಗಿಗೆ ಹಾಕಿಕೊಳ್ಳುವುದು ಅವರಿಗೆ ಒಂದು ಗಳಿಗೆಯ ಕೆಲಸ.

ಇಲ್ಲಿಗೇ ನಿಲ್ಲಿಸಬೇಡಿ. ಎಲ್ಲ ಕಪ್ಪೆಯೂ ಮೊಟ್ಟೆಯನ್ನು ಒಂದೇ ರೀತಿ ಇಡುವುದಿಲ್ಲ ಎಂಬುದೇ ಈ ಪಾಠದ ಅತಿ ರುಚಿಕರ ಭಾಗ. ನಮ್ಮಲ್ಲಿ ಬಹುಪಾಲು ಪುಸ್ತಕಗಳು ಅದನ್ನೇ ಬಿಟ್ಟುಬಿಡುತ್ತವೆ. ನಾಲ್ಕು ತಟ್ಟೆ ಇಟ್ಟು ನಾಲ್ಕು ಬಗೆ ಮಾಡಿ.

ಮೊದಲ ತಟ್ಟೆಯಲ್ಲಿ ನೆನೆದ ಬೀಜ ಹಾಗೆಯೇ ಗುಂಪಾಗಿರಲಿ.

ಎರಡನೆಯದು ಮೈಮೇಲೆ ಗುಳ್ಳೆಗುಳ್ಳೆಯಿರುವ ನೆಲಗಪ್ಪೆಯದು. ಅದರ ಮೊಟ್ಟೆ ಉದ್ದ ಎಳೆಯಾಗಿ ನೀರುಗಿಡಗಳಿಗೆ ಸುತ್ತಿಕೊಂಡಿರುತ್ತದೆ. ಅರ್ಧ ಮೀಟರ್ ಸೆಲ್ಲೋಟೇಪನ್ನು ಅಂಟುವ ಬದಿ ಮೇಲಾಗಿ ಮೇಜಿನ ಮೇಲಿಟ್ಟು, ಅರ್ಧ ಸೆಂಟಿಮೀಟರಿಗೊಂದರಂತೆ ಸಾಸಿವೆ ಕಾಳು ಸಾಲಾಗಿ ಕೂರಿಸಿ, ಟೇಪನ್ನು ಉದ್ದಕ್ಕೆ ಮಡಚಿ. ಟೇಪಿನ ಎರಡು ತುದಿಯನ್ನು ಮೊದಲೇ ಮೇಜಿಗೆ ಅಂಟಿಸಿಕೊಳ್ಳದಿದ್ದರೆ ಸುರುಳಿ ಸುತ್ತಿಕೊಂಡು ಕೈಗೆಲ್ಲ ಮೆತ್ತುತ್ತದೆ.

ಮೂರನೆಯದು ನೊರೆಗೂಡು. ಮರಗಪ್ಪೆಗಳು ನೀರಿನ ಮೇಲೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ನೊರೆಯ ಮುದ್ದೆ ಅಂಟಿಸಿ ಅದರೊಳಗೆ ಮೊಟ್ಟೆ ಇಡುತ್ತವೆ. ಹೆಣ್ಣು ತನ್ನ ಮೈಯಿಂದ ಬಂದ ದ್ರವವನ್ನು ಹಿಂಗಾಲಿನಿಂದ ಕಡೆದು ಕಡೆದು ನೊರೆ ಮಾಡುತ್ತದೆ. ಮರಿಗಳು ಹೊರಬಂದು ಕೆಳಗಿನ ನೀರಿಗೆ ಬೀಳುತ್ತವೆ. ಮಾದರಿಗೆ ನಾಲ್ಕು ಅಂಟುವಾಳ ಕಾಯಿಯ ಸಿಪ್ಪೆಯನ್ನು ಅರ್ಧ ಲೋಟ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಕಿವುಚಿ, ಸೋಸಿ, ಕಡೆಗೋಲಿನಿಂದ ಕಡೆಯಿರಿ. ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಆದ್ದರಿಂದ ಸೋಸುವವರೆಗೆ ದೊಡ್ಡವರ ಕೈಯಲ್ಲಿರಲಿ, ಕಡೆಯುವಾಗ ಪಾತ್ರೆ ಆಳವಾಗಿರಲಿ. ದೊಡ್ಡ ಎಲೆಯೊಂದರ ಮೇಲೆ ಎರಡು ಚಮಚ ನೊರೆ ಹಾಕಿ ಅದರೊಳಗೆ ನೆನೆದ ಬೀಜ ಹುದುಗಿಸಿ. ಪಕ್ಕದ ಎಲೆಯ ಮೇಲೆ ಬರೀ ನೆನೆದ ಬೀಜ ಹರಡಿ. ಒಂದೆರಡು ಗಂಟೆ ಬಿಟ್ಟು ಮುಟ್ಟಿ ನೋಡಿದರೆ ಬಯಲಲ್ಲಿ ಹರಡಿದ್ದು ಒಣಗತೊಡಗಿರುತ್ತದೆ. ಜಡಿಮಳೆಯ ದಿನ ಈ ವ್ಯತ್ಯಾಸ ಕಾಣುವುದಿಲ್ಲ, ಫ್ಯಾನಿನ ಕೆಳಗಿಡಿ.

ನಾಲ್ಕನೆಯದು ಉತ್ತರ ಕನ್ನಡದ ಕತ್ತಲೆಕಾನಿನ ಕುಂಬಾರ ಕಪ್ಪೆ. ವಿಜ್ಞಾನಿಗಳು ಇದನ್ನು ಹೊಸ ಜಾತಿ ಎಂದು ವಿವರಿಸಿದ್ದು 2014ರಲ್ಲಿ. ಹಳ್ಳದ ಪಕ್ಕದ ಕಡ್ಡಿ, ಬೇರುಗಳ ಮೇಲೆ ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ಕೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಕಡ್ಡಿಯೊಂದಕ್ಕೆ ಏಳೆಂಟು ನೆನೆದ ಬೀಜ ಅಂಟಿಸಿ, ಜೇಡಿಮಣ್ಣನ್ನು ಮೊಸರಿನ ಹದಕ್ಕೆ ಕಲಸಿಕೊಟ್ಟು ಮಕ್ಕಳೇ ಮೆತ್ತಲಿ. ಮಣ್ಣು ಗಟ್ಟಿಯಾದರೆ ಬೀಜ ಕಿತ್ತುಬರುತ್ತದೆ, ತೆಳುವಾದರೆ ಜಾರುತ್ತದೆ. ಆ ಹದ ಸಿಗುವುದಕ್ಕೆ ಮಕ್ಕಳು ಒದ್ದಾಡುವಾಗ ನಡುವೆ ಬಾಯಿ ಹಾಕಬೇಡಿ.

ಒಂದೇ ಉಂಡೆಯ ಗೊದಮೊಟ್ಟೆ

ಚಾರ್ಟ್‌ಗಳಲ್ಲಿ ಮೊಟ್ಟೆ, ಗೊದಮೊಟ್ಟೆ, ಬಾಲವಿರುವ ಮರಿ, ಕಪ್ಪೆ ಎಂದು ನಾಲ್ಕು ಚಿತ್ರ ಸುತ್ತಲೂ ಇರುತ್ತವೆ. ಅದನ್ನು ನೋಡಿದ ಎಷ್ಟೋ ಮಕ್ಕಳಿಗೆ ಅವು ನಾಲ್ಕು ಬೇರೆ ಪ್ರಾಣಿ. ಇನ್ನು ಕೆಲವರು ಬಾಲ ಹಲ್ಲಿಯದರ ಹಾಗೆ ಕಳಚಿ ಬೀಳುತ್ತದೆ ಎಂದುಕೊಳ್ಳುತ್ತಾರೆ. ನಾಲ್ಕು ಬೊಂಬೆ ಮಾಡಿಸಿದರೆ ಈ ತಪ್ಪು ಇನ್ನೂ ಗಟ್ಟಿಯಾಗುತ್ತದೆ. ಒಂದೇ ಉಂಡೆಯನ್ನು ಬದಲಿಸುತ್ತ ಹೋಗಿ.

ಹಿಟ್ಟಿನ ಅಳತೆ: ಎರಡು ಕಪ್ ಮೈದಾ, ಒಂದು ಕಪ್ ಪುಡಿ ಉಪ್ಪು, ಒಂದು ಚಮಚ ಎಣ್ಣೆ, ಮುಕ್ಕಾಲು ಕಪ್ ನೀರು. ನೀರನ್ನು ಒಮ್ಮೆಲೇ ಸುರಿಯಬೇಡಿ. ಮಳೆಗಾಲದಲ್ಲಿ ಉಪ್ಪು ತೇವ ಎಳೆದುಕೊಂಡಿರುತ್ತದೆ, ಮುಕ್ಕಾಲು ಕಪ್ಪೇ ಹೆಚ್ಚಾದೀತು. ಕಲಸಿದ ದಿನವೇ ಬಳಸಿ. ಮರುದಿನಕ್ಕೆ ಹಿಟ್ಟು ಅಂಟಂಟಾಗುತ್ತದೆ.

1. ನೆಲ್ಲಿಕಾಯಿ ಗಾತ್ರದ ಉಂಡೆ. ಇದು ಮೊಟ್ಟೆ.
2. ಒಂದು ಬದಿಯಿಂದ ಬಾಲ ಎಳೆಯಿರಿ, ಮೈಗಿಂತ ಉದ್ದವಾಗಿ. ಕಾಲಿಲ್ಲ. ಬಾಯಿ ಪುಟ್ಟದು.
3. ಬಾಲ ಶುರುವಾಗುವಲ್ಲಿ ಎರಡೂ ಪಕ್ಕ ಚಿವುಟಿ ಹಿಂಗಾಲು ತೆಗೆಯಿರಿ. ಮುಂಗಾಲನ್ನು ಮೊದಲು ಮಾಡುವುದು ಮಕ್ಕಳ ಸಾಮಾನ್ಯ ತಪ್ಪು. ಕಪ್ಪೆಯಲ್ಲಿ ಮೊದಲು ಕಾಣುವುದು ಹಿಂಗಾಲು.
4. ಈಗ ಮುಂಗಾಲು. ಬಾಯನ್ನು ಚಮಚದ ಅಂಚಿನಿಂದ ಅಗಲಕ್ಕೆ ಸೀಳಿ.
5. ಬಾಲವನ್ನು ಕೀಳದೆ ಮೆಲ್ಲಗೆ ಮೈಯೊಳಕ್ಕೇ ಒತ್ತಿ ಸೇರಿಸಿ.

ಐದನೆಯ ಹಂತದಲ್ಲಿ ಬಾಲದ ಹಿಟ್ಟು ಎಲ್ಲಿ ಹೋಯಿತು ಎಂದು ಕೇಳಿ. ‘ಹೊಟ್ಟೆಗೆ’ ಎಂದು ಉತ್ತರ ಬಂದರೆ ಪಾಠ ಹತ್ತಿದೆ. ಬಾಲ ಕರಗಿ ಮೈಗೆ ಸೇರುವ ಆ ದಿನಗಳಲ್ಲಿ ಬಾಯಿಯೂ ಬದಲಾಗುತ್ತಿರುವುದರಿಂದ ಮರಿ ಊಟ ಬಿಟ್ಟಿರುತ್ತದೆ, ಅದರ ಬಾಲವೇ ಆಗ ಅದರ ಬುತ್ತಿ. ಒಳಗೂ ಬದಲಾವಣೆಯಿದೆ. ಪಾಚಿ ತಿನ್ನುವ ಗೊದಮೊಟ್ಟೆಯ ಹೊಟ್ಟೆಯಲ್ಲಿ ಚಕ್ಕುಲಿಯಂತೆ ಸುತ್ತಿದ ಉದ್ದ ಕರುಳಿರುತ್ತದೆ, ಹುಳ ತಿನ್ನುವ ಕಪ್ಪೆಯಾಗುವಷ್ಟರಲ್ಲಿ ಅದು ಗಿಡ್ಡವಾಗುತ್ತದೆ.

ಮೊಟ್ಟೆಯಿಂದ ಮರಿಗಪ್ಪೆಯಾಗಲು ಎಷ್ಟು ದಿನ ಎಂದರೆ ಜಾತಿ, ನೀರಿನ ಬಿಸಿ, ಆಹಾರ ನೋಡಿಕೊಂಡು ಸುಮಾರು ಒಂದರಿಂದ ಎರಡು ತಿಂಗಳು. ಏಳೆಂಟು ವರ್ಷದವರಿಗೆ ಇನ್ನೊಂದು ವಿಷಯ ಹೇಳಬಹುದು: ಪಶ್ಚಿಮ ಘಟ್ಟದ ಪೊದೆಗಪ್ಪೆಗಳಲ್ಲಿ ಗೊದಮೊಟ್ಟೆಯ ಹಂತ ನೀರಿನಲ್ಲಿ ನಡೆಯುವುದೇ ಇಲ್ಲ. ಮೊಟ್ಟೆಯೊಳಗೇ ಎಲ್ಲ ಮುಗಿಸಿ, ಕಾಳಿನಷ್ಟು ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತವೆ.

ನಾಲಿಗೆ, ಕಣ್ಣು, ಕಾಲು, ಚರ್ಮ

ನಾಲಿಗೆಗೆ ಹುಟ್ಟುಹಬ್ಬದಲ್ಲಿ ಊದುವ, ಸುರುಳಿ ಬಿಚ್ಚಿಕೊಳ್ಳುವ ಕಾಗದದ ಪೀಪಿ ಸಾಕು. ಮಗುವಿಗೊಂದು, ಬಾಯಿಂದ ಬಾಯಿಗೆ ಬೇಡ. ತುದಿಗೆ ಒಂದು ಸೆಂಟಿಮೀಟರ್ ವೆಲ್ಕ್ರೋ ಚೂರಿನ ಒರಟು ಬದಿ ಅಂಟಿಸಿ, ಮೇಜಿನ ಮೇಲೆ ಉಣ್ಣೆ ದಾರದ ಚಿಕ್ಕ ಚೂರುಗಳನ್ನು ಹುಳಗಳಾಗಿ ಹರಡಿ. ಎರಡು ಬದಿ ಅಂಟುವ ಟೇಪ್ ಬಳಸಿದರೆ ಸುರುಳಿ ತನಗೆ ತಾನೇ ಅಂಟಿಕೊಂಡು ಎರಡನೆಯ ಸಲ ಬಿಚ್ಚುವುದಿಲ್ಲ. ವೆಲ್ಕ್ರೋ ದೊಡ್ಡದಾದರೆ ಭಾರಕ್ಕೆ ಪೀಪಿ ಬಾಗುತ್ತದೆ. ನಮ್ಮ ನಾಲಿಗೆಯ ಬುಡ ಗಂಟಲ ಕಡೆ, ಕಪ್ಪೆಯದು ಬಾಯಿಯ ಮುಂದಿನ ಅಂಚಿನಲ್ಲಿ. ಅದಕ್ಕೇ ಅಷ್ಟು ಹೊರಗೆ ಚಾಚುತ್ತದೆ.

ನುಂಗುವುದನ್ನು ಬಾಳೆಹಣ್ಣಿನ ಮೆತ್ತನೆಯ ಚಿಕ್ಕ ಚೂರಿನಿಂದ ನಟಿಸಿ: ನುಂಗುವ ಕ್ಷಣಕ್ಕೆ ಕಣ್ಣು ಗಟ್ಟಿಯಾಗಿ ಮುಚ್ಚಬೇಕು. ಕಪ್ಪೆ ನುಂಗುವಾಗ ಕಣ್ಣುಗುಡ್ಡೆಗಳು ಒಳಕ್ಕಿಳಿದು ಆಹಾರವನ್ನು ಗಂಟಲಿಗೆ ತಳ್ಳುತ್ತವೆ. ಮಕ್ಕಳು ಮನೆಗೆ ಹೋಗಿ ಅಮ್ಮನಿಗೆ ಮೊದಲು ಹೇಳುವುದು ಇದನ್ನೇ.

ಕಪ್ಪೆಗೆ ಹೆಚ್ಚಾಗಿ ಕಣ್ಣಿಗೆ ಬೀಳುವುದು ಅಲುಗಾಡುವ ಹುಳ. ಒಬ್ಬ ಮಗು ಕಪ್ಪೆ, ಉಳಿದವರು ನೊಣಗಳಾಗಿ ‘ಸ್ಟ್ಯಾಚ್ಯೂ’ ಆಡಿ. ಅಲುಗಾಡಿದವರು ಔಟ್. ನಿಯಮ ಎಲ್ಲರಿಗೂ ಗೊತ್ತಿರುವುದರಿಂದ ವಿವರಿಸುವ ಕಷ್ಟವಿಲ್ಲ.

ಕಾಲಿಗೆ ಬಕೆಟ್ ನೀರು. ಬೆರಳು ಬಿಡಿಸಿ ಕೈಯನ್ನು ನೀರಿನೊಳಗೆ ಹಿಂದಕ್ಕೆ ತಳ್ಳಲಿ. ಆಮೇಲೆ ಅದೇ ಕೈಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿ, ಮಣಿಕಟ್ಟಿಗೆ ಸಡಿಲವಾಗಿ ರಬ್ಬರ್ ಬ್ಯಾಂಡ್ ಸುತ್ತಿ ತಳ್ಳಲಿ. ಬೆರಳ ನಡುವಿನ ಪೊರೆ ಏನು ಮಾಡುತ್ತದೆಂದು ತೋಳಿಗೇ ಗೊತ್ತಾಗುತ್ತದೆ. ಮಲಬಾರ್ ಹಾರುಗಪ್ಪೆ ಇದೇ ಪೊರೆಯನ್ನು ಗಾಳಿಯಲ್ಲಿ ಹರಡಿ ಮರದಿಂದ ಮರಕ್ಕೆ ತೇಲುತ್ತದೆ. ಬಿಲ ತೋಡುವ ಕಪ್ಪೆಗಳಿಗೆ ಹಿಂಗಾಲಿನ ಹಿಮ್ಮಡಿಯ ಬಳಿ ಗಟ್ಟಿ ಗುಬುಟು ಇರುತ್ತದೆ, ಅದರಿಂದ ಹಿಂದುಹಿಂದಕ್ಕೆ ಅಗೆಯುತ್ತ ಮಣ್ಣಿಗಿಳಿಯುತ್ತವೆ. ಮರಳಿನ ಗುಡ್ಡೆ ಸಿಕ್ಕರೆ ಕೈ ಬಳಸದೆ ಹಿಮ್ಮಡಿಯಲ್ಲೇ ಹಿಂದಕ್ಕೆ ಅಗೆಯುವ ಪಂದ್ಯ ಇಡಿ.

ಚರ್ಮದ ಪಾಠಕ್ಕೆ ಪಾತ್ರೆ ತೊಳೆಯುವ ಹೊಸ ಸ್ಪಂಜು. ಒಂದೇ ಅಳತೆಯ ಎರಡು ಕಪ್ಪೆ ಕತ್ತರಿಸಿ, ಎರಡಕ್ಕೂ ಎರಡೆರಡು ದೊಡ್ಡ ಚಮಚ ನೀರು ಕುಡಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. (ಕಪ್ಪೆಯನ್ನು ತಕ್ಕಡಿಗೆ ಹಾಕಿ ತೂಗಿದವರಿಲ್ಲ ಎನ್ನುತ್ತಾರೆ, ಸ್ಪಂಜಿನದು ಕುಣಿಯುವುದಿಲ್ಲ.) ಒಂದನ್ನು ಫ್ಯಾನಿನ ಕೆಳಗೆ, ಇನ್ನೊಂದನ್ನು ಒದ್ದೆ ತರಗೆಲೆಗಳಡಿ ಎರಡು ಗಂಟೆ ಬಿಟ್ಟು ಮತ್ತೆ ತೂಗಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ, ಒಂದಷ್ಟು ಉಸಿರೂ ಆ ಒದ್ದೆ ಚರ್ಮದ ಮೂಲಕವೇ. ಸಾಬೂನು, ಸ್ಯಾನಿಟೈಸರ್, ಸೊಳ್ಳೆ ಮುಲಾಮು ಹಚ್ಚಿದ ಕೈಯಲ್ಲಿ ಕಪ್ಪೆಯನ್ನು ಮುಟ್ಟಬಾರದು ಎಂಬ ನಿಯಮಕ್ಕೆ ಕಾರಣ ಇದು. ನಿಯಮವನ್ನು ಮೊದಲು ಹೇಳದೆ, ಸ್ಪಂಜು ತೂಗಿದ ಮೇಲೆ ಹೇಳಿ.

ಹೊಂಡದ ಬಳಿ ಹತ್ತು ನಿಮಿಷ

ಗೊದಮೊಟ್ಟೆಗಳನ್ನು ಬಾಟಲಿಯಲ್ಲಿ ಮನೆಗೆ ತಂದು ಸಾಕುವ ಅಭ್ಯಾಸ ಹಳೆಯದು. ಬೇಡ ಎಂಬುದು ನಮ್ಮ ಸಲಹೆ. ನಲ್ಲಿ ನೀರಿನ ಕ್ಲೋರಿನ್, ಕೊಳೆತ ಆಹಾರ, ಇಕ್ಕಟ್ಟು ಸೇರಿ ಬಹುತೇಕ ಸಾಯುತ್ತವೆ. ಉಳಿದವು ಕಾಲು ಬಂದ ಮೇಲೆ ಹತ್ತಿ ಕೂರಲು ಕಲ್ಲಿಲ್ಲದೆ ಮುಳುಗುತ್ತವೆ. ಗದ್ದೆಯ ಗೋಂಕುರು ಕಪ್ಪೆಯ ಗೊದಮೊಟ್ಟೆಯೊಂದು ಸೇರಿಕೊಂಡಿದ್ದರೆ ಅದು ಜೊತೆಯವನ್ನು ತಿಂದು ಮುಗಿಸುತ್ತದೆ. ಕಾನೂನಿನ ತೊಡಕೂ ಇದೆ, ಈ ಕಪ್ಪೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಅಂಗಳದಲ್ಲಿ ತೊಟ್ಟಿ ಇಟ್ಟು ಕಪ್ಪೆ ಬರಲಿ ಎಂದು ಕಾಯುವುದೂ ಊರೊಳಗೆ ಸರಿಹೋಗದು. ಕಪ್ಪೆಗಿಂತ ಮುಂಚೆ ಡೆಂಗಿ ಸೊಳ್ಳೆ ಬರುತ್ತದೆ.

ಬದಲಿಗೆ ನೀರಿದ್ದಲ್ಲಿಗೇ ಹೋಗಿ. ಒಂದು ಲೀಟರಿನ ಬಿಳಿ ಐಸ್‌ಕ್ರೀಂ ಡಬ್ಬಿ, ಒಂದು ಸೌಟು, ಒಂದು ಭೂತಗನ್ನಡಿ ಸಾಕು. ಡಬ್ಬಿಗೆ ಅದೇ ಹೊಂಡದ ನೀರು ಅರ್ಧ ತುಂಬಿ, ಸೌಟಿನಿಂದ ನೀರಿನ ಸಮೇತ ನಾಲ್ಕೈದು ಗೊದಮೊಟ್ಟೆ ಎತ್ತಿ ಬಿಡಿ. ಜರಡಿ ಬಳಸಬೇಡಿ, ತಂತಿಗೆ ಸಿಕ್ಕಿ ಬಾಲ ಹರಿಯುತ್ತದೆ. ನೆರಳಿನಲ್ಲಿಟ್ಟು ಹತ್ತು ನಿಮಿಷ ನೋಡಿ, ಎತ್ತಿದ ಹೊಂಡಕ್ಕೇ ಸುರಿಯಿರಿ. ಒಂದು ಹೊಂಡದ ನೀರು ಇನ್ನೊಂದಕ್ಕೆ ಹೋದರೆ ಕಪ್ಪೆಗಳ ರೋಗವೂ ಹೋಗಬಹುದು.

ಮೊದಲ ಸಲಕ್ಕೆ ನೆಲಗಪ್ಪೆಯ ಗೊದಮೊಟ್ಟೆ ಹುಡುಕಿ. ಕಡುಗಪ್ಪು, ಆಳವಿಲ್ಲದ ಅಂಚಿನಲ್ಲಿ ಗುಂಪುಗುಂಪಾಗಿರುತ್ತವೆ. ನೀರಿನ ನಡುವೆ ಅಲುಗಾಡದೆ ತೇಲುವ, ಒಳಗಿನದೆಲ್ಲ ಕಾಣುವ ಗಾಜಿನಂಥದ್ದು ಸಿಕ್ಕರೆ ಅದು ಬಾಚಣಿಗೆ ಕೂಗಿನ ಪುಟಾಣಿಯ ಮರಿ. ಮೇಲ್ಮೈಗೆ ನೇತುಬಿದ್ದು ಕೊಂಕುತ್ತ ಕೆಳಗಿಳಿಯುವವು ಸೊಳ್ಳೆಯ ಮರಿಗಳು, ಮಕ್ಕಳು ಇವನ್ನೂ ಗೊದಮೊಟ್ಟೆ ಎಂದೇ ಎಣಿಸುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಯಾವುದಕ್ಕೆ ಕಾಲು ಬಂದಿದೆ?

ರಾತ್ರಿ ನಡಿಗೆ

ಮಳೆ ನಿಂತ ಅರ್ಧ ಗಂಟೆಯ ಮೇಲೆ, ಸಂಜೆ ಏಳರಿಂದ ಎಂಟರೊಳಗೆ. ನಾಲ್ಕೈದು ವರ್ಷದವರಿಗೆ ಮನೆಯ ಕಾಂಪೌಂಡು, ಶಾಲೆಯ ಅಂಗಳ ಸಾಕು. ಆರು ದಾಟಿದವರನ್ನು ಗದ್ದೆಯಂಚಿಗೆ ಕರೆದೊಯ್ಯಬಹುದು, ಮೂವರು ಮಕ್ಕಳಿಗೆ ಒಬ್ಬರು ದೊಡ್ಡವರಂತೆ. ಕಪ್ಪೆ ಇರುವಲ್ಲಿ ಹಾವೂ ಇರುತ್ತದೆ. ಎಲ್ಲರಿಗೂ ಗಮ್‌ಬೂಟ್, ಮುಂದೆ ಟಾರ್ಚ್ ಹಿಡಿದ ದೊಡ್ಡವರು, ಬಿಲಕ್ಕೂ ಕಲ್ಲಿನ ಸಂದಿಗೂ ಕೈ ಹಾಕುವಂತಿಲ್ಲ. ಹುಲ್ಲು ಮೊಣಕಾಲೆತ್ತರ ಬೆಳೆದ ಜಾಗ ಬಿಟ್ಟುಬಿಡಿ.

ನಿಂತಲ್ಲೇ ಟಾರ್ಚ್ ಆರಿಸಿ ಮೂರು ನಿಮಿಷ ಕೇಳಿ. ನೀವು ಹತ್ತಿರ ಬಂದಾಗ ಕೂಗು ನಿಲ್ಲುತ್ತದೆ, ಇಲ್ಲೇ ಮಕ್ಕಳು ಬೇಸರಗೊಂಡು ಮಾತು ಶುರುಮಾಡುವುದು. ಮೊದಲ ಕಪ್ಪೆ ಮತ್ತೆ ಕೂಗುವವರೆಗೆ ಮನಸ್ಸಿನಲ್ಲೇ ಎಣಿಸಲು ಹೇಳಿ, ಸುಮ್ಮನಿರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಚೀಟಿಯಲ್ಲಿ ಬಾಚಣಿಗೆ, ಕರಟ, ಗೊಟ್ರ್ ಎಂದು ಮೂರು ಚಿತ್ರ ಬರೆದಿಟ್ಟಿದ್ದರೆ, ಕೇಳಿದಾಗಲೆಲ್ಲ ಗೀಟು ಹಾಕಲಿ. ಹಣೆಯ ಮಟ್ಟಕ್ಕೆ ಟಾರ್ಚ್ ಹಿಡಿದರೆ ಕಪ್ಪೆಯ ಕಣ್ಣು ಹೊಳೆಯುತ್ತದೆ. ಹುಲ್ಲಿನಲ್ಲಿ ಸೂಜಿಮೊನೆಯಂತೆ ಹೊಳೆಯುವವು ಹೆಚ್ಚಾಗಿ ಜೇಡಗಳು. ಮೊದಲ ದೊಡ್ಡ ಮಳೆಗಳಲ್ಲಿ ಹೋದರೆ ಗಂಡು ಗೋಂಕುರು ಕಪ್ಪೆ ಅಪ್ಪಟ ಹಳದಿಯಾಗಿ, ಗಂಟಲ ಎರಡೂ ಪಕ್ಕ ನೀಲಿ ಚೀಲ ಊದಿಸಿಕೊಂಡು ಕೂತಿರುವುದು ಕಂಡೀತು. ಈ ಬಣ್ಣ ಬೆದೆಗಾಲ ಮುಗಿದ ಮೇಲೆ ಉಳಿಯುವುದಿಲ್ಲ.

ಬಂದೇ ಬರುವ ಪ್ರಶ್ನೆಗಳು

ಕಪ್ಪೆ ಮುಟ್ಟಿದರೆ ನರುಲಿ ಆಗುತ್ತದಾ? ಇಲ್ಲ, ನರುಲಿ ಬರುವುದು ಮನುಷ್ಯರ ವೈರಸ್‌ನಿಂದ. ಆದರೆ ನೆಲಗಪ್ಪೆಯ ಕಣ್ಣಿನ ಹಿಂದಿನ ಉಬ್ಬಿದ ಗ್ರಂಥಿಯಲ್ಲಿ ವಿಷವಿರುತ್ತದೆ. ಬಾಯಿಗೆ, ಕಣ್ಣಿಗೆ ಹೋಗಬಾರದು, ಮುಟ್ಟಿದರೆ ಕೈ ತೊಳೆಯಬೇಕು. ನಾಯಿ ಕಚ್ಚಿಕೊಂಡು ಜೊಲ್ಲು ಸುರಿಸುವುದು ಇದಕ್ಕೇ.

ಮಳೆಯ ಜೊತೆ ಕಪ್ಪೆ ಮೇಲಿಂದ ಬೀಳುತ್ತದಾ? ಬೇಸಿಗೆಯಿಡೀ ಮಣ್ಣಿನೊಳಗಿದ್ದವು ನೆಲ ತೊಯ್ದಾಗ ಒಂದೇ ರಾತ್ರಿ ಹೊರಬರುವುದರಿಂದ ಹಾಗನಿಸುತ್ತದೆ. ಬೇಲೂರಿನ ಕಪ್ಪೆ ಚೆನ್ನಿಗರಾಯನ ವಿಗ್ರಹದ ಹೊಕ್ಕುಳಿನಲ್ಲಿ ಕಪ್ಪೆ ಸಿಕ್ಕ, ಜಕಣಾಚಾರಿ ಡಂಕಣಾಚಾರಿಯರ ಐತಿಹ್ಯವನ್ನು ಇಲ್ಲಿ ಹೇಳಿ, ಕಲ್ಲೊಳಗೆ ಕಪ್ಪೆ ಬದುಕೀತೇ ಎಂದು ಮಕ್ಕಳೇ ವಾದಿಸಲಿ. ಸ್ಪಂಜಿನ ಪಾಠ ಆಗಿದ್ದರೆ ‘ಒದ್ದೆ ಎಲ್ಲಿಂದ ಬರುತ್ತೆ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

ಕಪ್ಪೆ ಮದುವೆ ಮಾಡಿದರೆ ಮಳೆ ಬರುತ್ತದಾ? ಬರಗಾಲದಲ್ಲಿ ಊರವರು ಮಾಡುವ ಆಚರಣೆ ಅದು ಎಂದು ಹೇಳಿ, ಮಳೆಗೂ ಕಪ್ಪೆಗೂ ನಂಟಿರುವುದು ನಿಜ, ಆದರೆ ಮಳೆ ಬಂದದ್ದಕ್ಕೆ ಕಪ್ಪೆ ಕೂಗುತ್ತದೆ ಎಂದು ಸೇರಿಸಿ.

ಬಚ್ಚಲಲ್ಲಿ ಕೂತ ಮರಗಪ್ಪೆಯನ್ನು ಏನು ಮಾಡುವುದು? ಪೊರಕೆ, ಬಿಸಿನೀರು ಬೇಡ. ಅದರ ಮೇಲೆ ಪ್ಲಾಸ್ಟಿಕ್ ಮಗ್ ಬೋರಲು ಹಾಕಿ, ಗೋಡೆಗೂ ಮಗ್ಗಿಗೂ ನಡುವೆ ದಪ್ಪ ಕಾಗದ ಮೆಲ್ಲಗೆ ತೂರಿಸಿ. ಕಾಗದವನ್ನು ಮೊದಲು ಒದ್ದೆ ಮಾಡಿಕೊಳ್ಳಿ, ಒಣ ಕಾಗದಕ್ಕೆ ಕಾಲು ಅಂಟುತ್ತದೆ. ಕತ್ತಲಾದ ಮೇಲೆ ಹೊರಗಿನ ಗಿಡದ ಮೇಲೆ ಬಿಡಿ. ಎರಡೇ ದಿನಕ್ಕೆ ಅದೇ ಮೂಲೆಯಲ್ಲಿ ಒಂದು ಕೂತಿದ್ದರೆ ಬೆನ್ನಿನ ಚುಕ್ಕೆಗಳ ಫೋಟೊ ತೆಗೆದು ಹಿಂದಿನ ಫೋಟೊದ ಜೊತೆ ಹೋಲಿಸಲು ಮಕ್ಕಳಿಗೆ ಕೊಡಿ.